ಬ್ಯಾಸಗಿ ಹೂವಿನ ಫೋಟೊ: ಟ್ಯೂಬಾ, ಕ್ಲೋಸಪ್ ಲೆನ್ಸಾ?

ಮೊದಲೇ ಹೇಳಿಬಿಡುತ್ತೇನೆ. ಬಳ್ಳಾರಿ ಸುತ್ತಮುತ್ತ ಬೇಸಿಗೆಯಲ್ಲಿ ಸಣ್ಣ ಹೂವಿನ ಫೋಟೊ ತೆಗೆಯಲು ನನ್ನ ಓಟು ಕ್ಯಾನನ್ 55-250 ಮಿ.ಮೀ. ಜೂಮ್ ಕಿಟ್ ಲೆನ್ಸಿನ ಮುಂದೆ ಹಾಕುವ ರೇನಾಕ್ಸ್ ಡಿಸಿಆರ್-150 ಕ್ಲೋಸಪ್ ಲೆನ್ಸಿಗೆ. 50 ಮಿ.ಮೀ. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಅದಕ್ಕಿಂತ ಅಗ್ಗ, ಚಿತ್ರವೂ ಗುಲಗಂಜಿಯಷ್ಟು ಹೆಚ್ಚೇ ಚೂಪು. ಆದರೂ ಟ್ಯೂಬ್ ಈಗ ಮನೆಯೊಳಗಿನ ಸಾಮಾನಾಗಿದೆ. ಅದಕ್ಕೆ ಕಾರಣ ಧೂಳು. ಅದರ ಪುರಾಣ ಮುಂದೆ ಇದೆ.

ಬೇಸಿಗೆಯಲ್ಲಿ ಇಲ್ಲಿ ಹೂವೆಲ್ಲಿ ಬಂತು ಅನ್ನುವವರು ಹೊಲದ ಬದುವಿನ ಕಡೆ ಬಗ್ಗಿ ನೋಡಿಲ್ಲ ಅಷ್ಟೇ. ರಸ್ತೆ ಪಕ್ಕದ ಎಕ್ಕ ಎಂಥ ಬಿಸಿಲಿಗೂ ಜಗ್ಗುವುದಿಲ್ಲ. ಬೇಲಿಸಾಲಿನಲ್ಲಿ ತಂಗಡಿ, ಯುಗಾದಿ ಹೊತ್ತಿಗೆ ಬೇವು, ಅದರ ಹಿಂದೆಯೇ ಕಕ್ಕೆ, ಎಲ್ಲೆಂದರಲ್ಲಿ ಬಳ್ಳಾರಿ ಜಾಲಿ. ನೆಲಕ್ಕೆ ಅಂಟಿಕೊಂಡ ನೆಗ್ಗಿಲು. ಕಾಲುವೆ ದಂಡೆಯಲ್ಲಿ ತೇವ ಉಳಿದ ಕಡೆ ವಿಷ್ಣುಕ್ರಾಂತಿ. ಯಾವ ಸಾಮಾನು ಬೇಕು ಅನ್ನುವುದನ್ನು ಇವುಗಳ ಅಳತೆಯೇ ತೀರ್ಮಾನಿಸುತ್ತದೆ. ತಂಗಡಿ ಹೂವು ಸುಮಾರು 5 ಸೆಂ.ಮೀ., ಎಕ್ಕ 3-4 ಸೆಂ.ಮೀ., ನೆಗ್ಗಿಲು 1 ಸೆಂ.ಮೀ. ಆಸುಪಾಸು, ವಿಷ್ಣುಕ್ರಾಂತಿ ಅದಕ್ಕಿಂತ ಚಿಕ್ಕದು. ಬಳ್ಳಾರಿ ಜಾಲಿಯ ತೆನೆ ದೂರಕ್ಕೆ ಕಾಣಿಸುತ್ತದೆ, ಆದರೆ ಅದರೊಳಗಿನ ಬಿಡಿ ಹೂವು ಕೆಲವೇ ಮಿ.ಮೀ.

ಲೆಕ್ಕ ಹೀಗೆ. ಡಿಸಿಆರ್-150ರ ಶಕ್ತಿ 4.8 ಡಯಾಪ್ಟರ್ (ಕನ್ನಡಕದ ಪವರಿನ ಅಳತೆಯೇ). ಕ್ಯಾಮೆರಾ ಲೆನ್ಸನ್ನು ಅನಂತ ದೂರಕ್ಕೆ ಫೋಕಸ್ ಮಾಡಿಟ್ಟರೆ ಗಾಜಿನಿಂದ ಹೂವಿಗೆ 1000 ಭಾಗಿಸು 4.8, ಅಂದರೆ 208 ಮಿ.ಮೀ. ಜೂಮ್ ಎಲ್ಲಿಗೆ ತಿರುಗಿಸಿದರೂ ಈ ಒಂದು ಗೇಣು ದೂರ ಬದಲಾಗುವುದಿಲ್ಲ; ಬದಲಾಗುವುದು ಹಿಗ್ಗುವಿಕೆ ಮಾತ್ರ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಹೂವು ಅಸಲಿ ಅಳತೆಯ ಎಷ್ಟು ಪಟ್ಟು ಮೂಡುತ್ತದೆ ಅನ್ನುವುದು. 100 ಮಿ.ಮೀ.ನಲ್ಲಿ 0.48 ಪಟ್ಟು, 250ರಲ್ಲಿ 1.2 ಪಟ್ಟು. ಕ್ಯಾನನ್ ಎಪಿಎಸ್-ಸಿ ಸೆನ್ಸರ್ 22.3 × 14.9 ಮಿ.ಮೀ. ಇರುವುದರಿಂದ 100ರಲ್ಲಿ ಸುಮಾರು 46 × 31 ಮಿ.ಮೀ. ಜಾಗ ಚೌಕಟ್ಟಿಗೆ ಬರುತ್ತದೆ: ಒಂದು ಎಕ್ಕದ ಹೂವು ಸರಿಯಾಗಿ ಕೂರುತ್ತದೆ. 250ಕ್ಕೆ ತಿರುಗಿಸಿದರೆ 18.6 × 12.4 ಮಿ.ಮೀ., ಅಂದರೆ ನೆಗ್ಗಿಲು ತುಂಬಿಕೊಂಡು ನಿಲ್ಲುತ್ತದೆ. ಮಂಡಿಯೂರಿದ ಜಾಗ ಬಿಟ್ಟು ಕದಲಬೇಕಿಲ್ಲ.

ಟ್ಯೂಬಿನಲ್ಲಿ ಗಾಜೇ ಇಲ್ಲ, ಅದು ಬರೀ ಟೊಳ್ಳು ಬಳೆ. ಸಾಮಾನ್ಯವಾಗಿ 12, 20, 36 ಮಿ.ಮೀ. ಮೂರರ ಸೆಟ್ ಬರುತ್ತದೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತಿನಿಂದ (ಲೆನ್ಸಿನ ಮೇಲೆ ಬರೆದ ಮಿ.ಮೀ.) ಭಾಗಿಸಿದರೆ ಹಿಗ್ಗುವಿಕೆ. 50 ಮಿ.ಮೀ. ಲೆನ್ಸಿಗೆ 12 ಹಾಕಿದರೆ 0.24, 20ಕ್ಕೆ 0.4, 36ಕ್ಕೆ 0.72, ಲೆನ್ಸಿನ ಸ್ವಂತ ಫೋಕಸ್ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಇದೇ ಲೆಕ್ಕದ ಪ್ರಕಾರ 250 ಮಿ.ಮೀ. ಲೆನ್ಸಿಗೆ ಮೂರೂ ಟ್ಯೂಬ್ ಸೇರಿಸಿ 68 ಮಿ.ಮೀ. ಹಾಕಿದರೂ ಸಿಗುವುದು 0.27. ಆದ್ದರಿಂದ ಟ್ಯೂಬಿಗೆ ಜೊತೆ 50ರ ಲೆನ್ಸೇ. ಈಗ ಗಮನಿಸಿ: ತಂಗಡಿಗೆ 12, ಎಕ್ಕಕ್ಕೆ 20, ನೆಗ್ಗಿಲಿಗೆ 36. ಹೂವು ಬದಲಾದಾಗೆಲ್ಲ ಲೆನ್ಸ್ ಕಳಚಿ ಕ್ಯಾಮೆರಾದ ಬಾಯಿ ತೆರೆಯಬೇಕು.

ನಮ್ಮ ಕಡೆ ಬೇಸಿಗೆಯಲ್ಲಿ ಬಯಲಲ್ಲಿ ಕ್ಯಾಮೆರಾದ ಬಾಯಿ ತೆರೆಯುವುದೆಂದರೆ ತಲೆನೋವನ್ನು ಮನೆಗೆ ಕರೆತಂದಂತೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಹುಡಿ. ರಾಯಚೂರು, ಸಿಂಧನೂರು ಕಡೆ ಬಿರಿದ ಎರೆಮಣ್ಣಿನ ಕರಿಪುಡಿ. ಕೊಪ್ಪಳದ ಮಸಾರಿ ಹೊಲದಲ್ಲಿ ಎರಡಕ್ಕೂ ನಡುವಿನ ಬಣ್ಣ. ಒಂದು ಲಾರಿ ಹೋದರೆ ಸಾಕು. ಅದರ ಮೇಲೆ, ಮೂರು ಟ್ಯೂಬ್ ಜೋಡಿಸಿದರೆ ಬಾಡಿಯಿಂದ ಲೆನ್ಸಿನವರೆಗೆ ನಾಲ್ಕು ಕೀಲು. ಪ್ರತಿ ಸಲ ತಿರುಗಿಸಿದಾಗಲೂ ಲೋಹಕ್ಕೆ ಲೋಹ ಉಜ್ಜಿ ಸಣ್ಣ ಪುಡಿ ಉದುರುತ್ತದೆ. ಟೊಳ್ಳು ಬಳೆಯ ಒಳಗೋಡೆಗೆ ಬ್ಯಾಗಿನ ನೂಲು, ಮಣ್ಣು ಅಂಟಿಕೊಂಡಿರುತ್ತದೆ. ಎಲ್ಲವೂ ಕೊನೆಗೆ ಹೋಗಿ ಕೂರುವುದು ಸೆನ್ಸರಿನ ಮೇಲೆ.

ಊರು, ಗುಡ್ಡ, ಜಾತ್ರೆಯ ಫೋಟೊದಲ್ಲಿ ಈ ಧೂಳು ಕಾಣಿಸುವುದೇ ಇಲ್ಲ, ಕ್ಲೋಸಪ್ಪಿನಲ್ಲಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಎರಡು ಕಾರಣ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಚಿಕ್ಕದಾದಷ್ಟೂ ಧೂಳಿನ ನೆರಳು ಗಟ್ಟಿಯಾಗುತ್ತದೆ; ಟ್ಯೂಬಿನಲ್ಲಿ ನೀವಿಟ್ಟ ಎಫ್ ಸಂಖ್ಯೆಯನ್ನು (ಇದು ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಒಂದು ಕೂಡಿಸು ಹಿಗ್ಗುವಿಕೆಯಿಂದ ಗುಣಿಸಬೇಕು. ಎಫ್/11 ಇಟ್ಟು 0.72 ಪಟ್ಟಿಗೆ ತೆಗೆದರೆ ನಿಜವಾದ ಅಪರ್ಚರ್ ಎಫ್/19ರ ಹತ್ತಿರ. ಎರಡನೆಯದು ಹಿನ್ನೆಲೆ: ಸಣ್ಣ ಹೂವಿನ ಹಿಂದೆ ಎಲ್ಲವೂ ಮಸುಕಾಗಿ ಸಪಾಟಾದ ಬಣ್ಣವಾಗುತ್ತದೆ. ಆ ನುಣುಪಿನ ಮೇಲೆ ಬೂದು ಚುಕ್ಕೆ ಬಿದ್ದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಪರೀಕ್ಷೆ ಸುಲಭ. ಎಫ್/22, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100 ಇಟ್ಟು, ಫೋಕಸ್ ಮ್ಯಾನುಯಲ್‌ಗೆ ಹಾಕಿ ಬೇಕೆಂದೇ ತಪ್ಪಿಸಿ, ಬಿಳಿ ಗೋಡೆಯ ಒಂದು ಫೋಟೊ ತೆಗೆಯಿರಿ. ಕೈ ಅಲುಗಿದರೂ ಚಿಂತೆಯಿಲ್ಲ, ಧೂಳು ಅಲುಗುವುದಿಲ್ಲ. ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ನೋಡಿ. ಚಿತ್ರದ ಮೇಲಿನ ಎಡಮೂಲೆಯ ಚುಕ್ಕೆ, ಎದುರಿನಿಂದ ಸೆನ್ಸರ್ ನೋಡಿದಾಗ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಮ್ಯಾನುಯಲ್ ಕ್ಲೀನಿಂಗ್ ಆರಿಸಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರಿನಿಂದ ಊದಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಡಬ್ಬಿಯ ಒತ್ತಡದ ಗಾಳಿಯೂ ಬೇಡ, ಅದರ ದ್ರವ ಸಿಡಿದು ಕಲೆ ಕೂರಬಹುದು. ಇಷ್ಟಕ್ಕೂ ಹೋಗದಿದ್ದರೆ ಎಪಿಎಸ್-ಸಿ ಅಳತೆಯ 16 ಮಿ.ಮೀ. ಸ್ವಾಬ್ (ಒರೆಸುವ ಕಡ್ಡಿ), ಅದಕ್ಕೆಂದೇ ಮಾರುವ ದ್ರಾವಣದ ಒಂದೆರಡು ಹನಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಎಳೆತ. ಇದನ್ನೆಲ್ಲ ಫ್ಯಾನ್ ಆರಿಸಿ ಮಾಡಬೇಕು. ಮೇ ತಿಂಗಳ ಬಳ್ಳಾರಿಯಲ್ಲಿ ಫ್ಯಾನ್ ಆರಿಸಿ ಕೂತವರಿಗೆ ನನ್ನ ಓಟು ಯಾಕೆ ಆ ಕಡೆ ಬಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಟ್ಯೂಬೇ ಇದೆ, ಅದನ್ನೇ ಬಳಸುತ್ತೇನೆ ಅನ್ನುವವರು ಹೀಗೆ ಮಾಡಿ: ಮನೆಯಲ್ಲೇ ಒಂದು ಉದ್ದ ಆರಿಸಿ ಹಾಕಿಕೊಂಡು ಹೊರಡಿ, ಆ ದಿನ ಅದಕ್ಕೆ ಒಗ್ಗುವ ಹೂವನ್ನಷ್ಟೇ ಹುಡುಕಿ. ಉಳಿದ ಟ್ಯೂಬುಗಳನ್ನು ಒಂದಕ್ಕೊಂದು ಜೋಡಿಸಿ ಎರಡೂ ತುದಿಗೆ ಮುಚ್ಚಳ ಹಾಕಿಡಿ. ಬದಲಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಬಾಯಿ ಕೆಳಗೆ ಹಿಡಿದು, ಟ್ಯೂಬಿನ ಒಳಗೆ ಮೊದಲು ಊದಿ ಆಮೇಲೆ ಜೋಡಿಸಿ. ಕೊಳ್ಳುವಾಗ ಒಳಗೆ ಚಿನ್ನದ ಬಣ್ಣದ ಸಂಪರ್ಕ ಬಿಂದುಗಳಿರುವುದನ್ನೇ ಕೊಳ್ಳಿ. ಅವಿಲ್ಲದ ತೀರಾ ಅಗ್ಗದ ಟ್ಯೂಬಿನಲ್ಲಿ ಕ್ಯಾನನ್ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದೇ ನಿಲ್ಲುತ್ತದೆ, ಎಸಳಿನ ಅಂಚೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಂಜು.

ಕ್ಲೋಸಪ್ ಲೆನ್ಸಿಗೆ ಈ ಗೋಳಿಲ್ಲ. ಮುಂದಿನ ಗಾಜಿನ ಮೇಲೆ ನಾಲ್ಕು ಕಣ ಧೂಳು ಕೂತರೆ ಚಿತ್ರದಲ್ಲಿ ಅದರ ಸುಳಿವೂ ಇರುವುದಿಲ್ಲ. ಒರೆಸುವಾಗ ಮಾತ್ರ ಹುಷಾರು: ಸಂಡೂರಿನ ಅದಿರು ಹೆಮಟೈಟ್, ಮೋಸ್ ಮಾಪನದಲ್ಲಿ ಅದರ ಗಡಸುತನ 5.5ರಿಂದ 6.5. ಮಣ್ಣಿನ ಮರಳು ಇನ್ನೂ ಗಟ್ಟಿ. ಅಂಗಿಯ ತುದಿಯಿಂದ ತಿಕ್ಕಿದರೆ ಗಾಜಿನ ಲೇಪನಕ್ಕೆ ಗೀರು ಖಾತ್ರಿ. ಮೊದಲು ಊದಬೇಕು, ಆಮೇಲೆ ಬ್ರಷ್, ಬಟ್ಟೆ ಕೊನೆಗೆ.

ಇದಕ್ಕೂ ದೋಷಗಳಿವೆ. 55ರ ತುದಿಯಲ್ಲಿ ಚೌಕಟ್ಟಿನ ಮೂಲೆ ಕಪ್ಪಾಗುತ್ತದೆ, ಹಾಗಾಗಿ ಇಡೀ ತಂಗಡಿ ಹೂವು ಬೇಕೆಂದರೆ ಡಿಸಿಆರ್ ಕಳಚಿ, ಬರೀ 55-250ರಲ್ಲೇ ತೆಗೆಯುವುದು ಲೇಸು. ಆಟೋಫೋಕಸ್ ತಡಕಾಡುತ್ತದೆ, ಮ್ಯಾನುಯಲ್‌ಗೆ ಹಾಕಿ, ಮೈಯನ್ನೇ ಹಿಂದೆ ಮುಂದೆ ತೂಗಿ ಫೋಕಸ್ ಹಿಡಿಯಬೇಕು. ಜೊತೆಗೆ ಬರುವ ಚಿಮಟ ಕ್ಲಿಪ್ ಅಡಾಪ್ಟರ್ 52ರಿಂದ 67 ಮಿ.ಮೀ.ವರೆಗಿನ ಲೆನ್ಸುಗಳಿಗೆ ಕೂರುತ್ತದೆ, ಆದರೆ ಕಂಟಿಯ ಕೊಂಬೆ ತಾಗಿದರೆ ಟಪ್ಪೆಂದು ಕಳಚುತ್ತದೆ. ಡಿಸಿಆರ್-150ರ ಹಿಂದಿನ ತಿರುಪು 43 ಮಿ.ಮೀ.; 55-250ರದು 58. ಒಂದು 58-43 ಸ್ಟೆಪ್-ಡೌನ್ ರಿಂಗ್ ಹಾಕಿ ತಿರುಗಿಸಿದರೆ ಆ ಚಿಂತೆ ಮುಗಿಯಿತು.

ಬೆಳಕಿನ ವಿಷಯದಲ್ಲಿ ಒಂದು ಮೋಸದ ಮಾತು ಚಾಲ್ತಿಯಲ್ಲಿದೆ. ಟ್ಯೂಬ್ ಬೆಳಕು ತಿನ್ನುತ್ತದೆ, ಕ್ಲೋಸಪ್ ಲೆನ್ಸ್ ತಿನ್ನುವುದಿಲ್ಲ ಅನ್ನುತ್ತಾರೆ. ಅರ್ಧ ನಿಜ. ಒಂದು ಪಟ್ಟು ಹಿಗ್ಗಿಸಿದಾಗ ಟ್ಯೂಬ್ ಎರಡು ಸ್ಟಾಪ್ (ಒಂದು ಸ್ಟಾಪೆಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ನುಂಗುವುದು ಹೌದು. ಆದರೆ ಎಫ್/8ರಲ್ಲಿ ಅದು ಕೊಡುವ ಚೂಪಿನ ಆಳ, ಅಂದರೆ ಹಿಂದೆ ಮುಂದೆ ಚೂಪಾಗಿ ಬರುವ ದಪ್ಪ, ಸುಮಾರು 0.64 ಮಿ.ಮೀ.; ಅದೇ ಎಫ್/8ರಲ್ಲಿ ಕ್ಲೋಸಪ್ ಲೆನ್ಸ್ ಕೊಡುವುದು ಅದರ ಅರ್ಧ. ಅಷ್ಟೇ ಆಳ ಬೇಕೆಂದರೆ ಎಫ್/16ಕ್ಕೆ ಇಳಿಸಬೇಕು, ಉಳಿದಿದ್ದ ಎರಡು ಸ್ಟಾಪ್ ಅಲ್ಲೇ ಖಾಲಿ. ಈ ಕಾರಣಕ್ಕೆ ಯಾರೂ ಯಾವುದನ್ನೂ ಕೊಳ್ಳಬೇಡಿ.

ದೂರದ ವಿಷಯದಲ್ಲಿ ಮಾತ್ರ ವ್ಯತ್ಯಾಸ ಅಪ್ಪಟ. 50 ಮಿ.ಮೀ.ಗೆ 36ರ ಟ್ಯೂಬ್ ಹಾಕಿದರೆ ಲೆನ್ಸಿನ ಮೂತಿಯಿಂದ ಹೂವಿಗೆ ಎಂಟು ಹತ್ತು ಸೆಂ.ಮೀ. ಮಾತ್ರ. ಬಳ್ಳಾರಿ ಜಾಲಿಯ ಮುಳ್ಳುಗಳ ನಡುವೆ ಅಷ್ಟು ಒಳಗೆ ನುಗ್ಗಿಸಿದವರ ಮುಂಗೈ ನೋಡಿದರೆ ಗೊತ್ತಾಗುತ್ತದೆ. ಲೆನ್ಸಿನ ನೆರಳೂ ಹೂವಿನ ಮೇಲೇ ಬೀಳುತ್ತದೆ, ಎಕ್ಕದ ಮೇಲೆ ಕೂತ ಬಡಿಗ ಜೇನು ಅಷ್ಟರಲ್ಲಿ ಹಾರಿರುತ್ತದೆ. ಗೇಣು ದೂರವಿದ್ದರೆ ನಡುವೆ ಒಂದು ಬಿಳಿ ಬಟ್ಟೆ ಅಡ್ಡ ಹಿಡಿಯಲೂ ಜಾಗ ಉಳಿಯುತ್ತದೆ. ನೆಗ್ಗಿಲಿಗೆ ಇದು ಬೇಕೇಬೇಕು, ಬಿಸಿಲು ಬಿದ್ದ ಮೇಲೆಯೇ ಅರಳುವ ಹೂವು ಅದು. ಹಳೇ ಬಿಳಿ ಪಂಚೆಯ ಒಂದು ತುಂಡು ಸಾಕು. ಎಕ್ಕದ ಎಲೆ ಮುರಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ, ವ್ಯೂಫೈಂಡರಿನ ರಬ್ಬರನ್ನೂ ಮುಟ್ಟಬೇಡಿ. ಅದರ ಹಾಲು ಕಣ್ಣಿಗೆ ಅಪಾಯ.

ಹಳದಿ ಹೂವುಗಳಿಗೆ ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪಿನಷ್ಟು ಇಳಿಸಿ. ಇಲ್ಲದಿದ್ದರೆ ಕೆಂಪು ಬಣ್ಣದ ಚಾನೆಲ್ ಮೊದಲು ಉಕ್ಕಿ ತಂಗಡಿಯ ಎಸಳಿನ ನರಗಳೆಲ್ಲ ಅಳಿಸಿಹೋಗುತ್ತವೆ. ಬಿಳಿ ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ಏರಿಳಿತದ ನಕ್ಷೆ) ನೋಡಿದರೆ ಇದು ತಿಳಿಯುವುದಿಲ್ಲ, ಬಣ್ಣದ್ದನ್ನು ನೋಡಬೇಕು.

ಉಳಿದ ಸ್ಪರ್ಧಿಗಳಿಗೆ ಹೆಚ್ಚು ಜಾಗ ಕೊಡುವುದಿಲ್ಲ. +1, +2, +4, +10 ಎಂದು ಸೆಟ್ಟಾಗಿ ಮಾರುವ ಫಿಲ್ಟರುಗಳು ಒಂದೇ ಗಾಜಿನವು. ನಡುವೆ ಪರವಾಗಿಲ್ಲ, ಅಂಚಿನಲ್ಲಿ ಎಲ್ಲ ಕಲಸಿಹೋಗುತ್ತದೆ, ಬೇವಿನ ಬಿಳಿ ಎಸಳಿಗೆ ನೇರಳೆ ಗೆರೆ ಬರುತ್ತದೆ. ಹಲವು ಗಾಜು ಸೇರಿಸಿ ಬಣ್ಣ ತಿದ್ದಿದ ಕ್ಲೋಸಪ್ ಲೆನ್ಸಿಗೆ ದುಡ್ಡು ಹೆಚ್ಚಾಗುವುದು ಇದಕ್ಕೇ. 90 ಅಥವಾ 100 ಮಿ.ಮೀ.ನ ಅಸಲಿ ಮ್ಯಾಕ್ರೋ ಲೆನ್ಸ್ ಇವೆಲ್ಲಕ್ಕಿಂತ ಮೇಲು, ವಾದವೇ ಇಲ್ಲ. ಅಷ್ಟು ದುಡ್ಡಿಗೆ ಹಳೇ ಕ್ಯಾಮೆರಾ ಬಾಡಿಯೊಂದು ಬರುತ್ತದೆ, ಬೇಸಿಗೆಯ ನಾಲ್ಕು ತಿಂಗಳ ಹವ್ಯಾಸಕ್ಕೆ ನನ್ನ ಜೇಬು ಒಪ್ಪುವುದಿಲ್ಲ. ವರ್ಷಪೂರ್ತಿ ಹುಳ ಹೂವು ಅಂತ ತಿರುಗುವವರು ಸೆಕೆಂಡ್ ಹ್ಯಾಂಡ್ ಹುಡುಕಲಿ.

ಮೊಬೈಲು ಫೋಟೊ ಚಂದಕ್ಕಿಂತ ಗುರುತಿಗೆ ಉತ್ತಮ. ಅದರ ಚೂಪಿನ ಆಳ ಜಾಸ್ತಿ, ಆದ್ದರಿಂದ ಹಿಂದಿನ ಗುಟ್ಕಾ ಚೀಟಿ, ಪ್ಲಾಸ್ಟಿಕ್ ಕವರ್ ಎಲ್ಲ ಸ್ಪಷ್ಟವಾಗಿ ಬರುತ್ತವೆ. ಆದರೆ ಗಿಡ, ಪ್ರಾಣಿ ಗುರುತಿಸಲು ನೆರವಾಗುವ ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕಿ ಹೆಸರು ಕೇಳಬೇಕೆಂದರೆ ಹೂವೊಂದೇ ಸಾಲದು: ಇಡೀ ಗಿಡ, ಎಲೆಯ ಹಿಂಬದಿ, ಕಾಂಡ, ಕಾಯಿ ಇದ್ದರೆ ಕಾಯಿ. ಇವಕ್ಕೆಲ್ಲ ಮೊಬೈಲೇ ಸಾಕು, ಜಾಗದ ಗುರುತೂ ತಾನಾಗಿ ದಾಖಲಾಗುತ್ತದೆ.

ಯಾವ ಲೆನ್ಸಾದರೂ ಗಾಳಿಗೆ ಮಾತ್ರ ಬೇರೆ ಮದ್ದಿಲ್ಲ, ಬೇಗ ಏಳುವುದೇ. ಹೊತ್ತು ಹುಟ್ಟಿದಾಗಿನಿಂದ ಏಳೂವರೆವರೆಗೆ ಸಿಕ್ಕಿದ್ದೇ ಸಿಕ್ಕಿದ್ದು. ಆಮೇಲೆ ತೆಗೆಯುವುದಾದರೆ ಒಂದು ಬಿದಿರು ಕಡ್ಡಿ ನೆಲಕ್ಕೆ ಚುಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತೊಟ್ಟನ್ನು ಹೂವಿಗಿಂತ ನಾಲ್ಕು ಬೆರಳು ಕೆಳಗೆ ಹಿಡಿಸಿ. ಕ್ಲಿಪ್ಪಿನ ಬಾಯಿಗೆ ಹತ್ತಿ ಸುತ್ತಿದರೆ ತೊಟ್ಟು ನಜ್ಜಾಗುವುದಿಲ್ಲ. ಶಟರ್ 1/250ಕ್ಕಿಂತ ಕೆಳಗೆ ಇಳಿಸಬೇಡಿ, ಐಎಸ್‌ಒ 800ಕ್ಕೆ ಹೋದರೂ ಪರವಾಗಿಲ್ಲ. ಎಫ್/11, ಐದಾರು ಫೋಟೊ ಸಾಲಾಗಿ, ಮೈ ತೂಗುತ್ತಾ. ಅದರಲ್ಲಿ ಒಂದಾದರೂ ಕೇಸರದ ಮೇಲೆ ಚೂಪಾಗಿ ಕೂತಿರುತ್ತದೆ. ಬೇವಿಗೆ ಈ ಸರ್ಕಸ್ ಬೇಡ, ಒಂದು ಗೊಂಚಲು ಮುರಿದು ತಂದು ನೀರಿನ ಬಾಟಲಿಯಲ್ಲಿಟ್ಟು ಕಿಟಕಿಯ ಪಕ್ಕ ತೆಗೆಯಿರಿ. ಇಲ್ಲಿ ಟ್ಯೂಬ್ ಹೊರಗೆ ಬರಬಹುದು.

55-250 ನಿಮ್ಮ ಹತ್ತಿರ ಆಗಲೇ ಇದ್ದರೆ ಕೊಳ್ಳಬೇಕಾದ್ದು ಡಿಸಿಆರ್-150. ಅದರ ಅಣ್ಣ ಡಿಸಿಆರ್-250ರ ಶಕ್ತಿ 8 ಡಯಾಪ್ಟರ್, ದೂರ 125 ಮಿ.ಮೀ.ಗೆ ಇಳಿಯುತ್ತದೆ, ಹೂವಿಗಿಂತ ಹುಳಕ್ಕೆ ಸರಿ. 18-55 ಮಾತ್ರ ಇರುವವರಿಗೆ ಇವೆರಡೂ ದಂಡ, 55 ಮಿ.ಮೀ.ನಲ್ಲಿ 150 ಕೊಡುವುದು ಬರೀ 0.26 ಪಟ್ಟು. ಅವರು ಸಂಪರ್ಕ ಬಿಂದುಗಳಿರುವ ಟ್ಯೂಬನ್ನೇ ಕೊಳ್ಳಲಿ, ಜೊತೆಗೆ ಒಂದು ದೊಡ್ಡ ಬ್ಲೋವರ್. ಡಿಸಿಆರ್-150 ಆರ್ಡರ್ ಮಾಡುವವರು 58-43 ರಿಂಗನ್ನೂ ಅದರಲ್ಲೇ ಸೇರಿಸಿಬಿಡಿ. 43ರ ತಿರುಪು ಅಪರೂಪದ್ದು, ಮದುವೆ ಫೋಟೊದವರಿಗೆ ಸಾಮಾನು ಮಾರುವ ಊರಿನ ಅಂಗಡಿಯಲ್ಲಿ ಕೇಳಿದರೆ 58-52 ಕೊಟ್ಟು ಕಳಿಸುತ್ತಾರೆ.