ಪಟ್ಟಣದ ಕೋಟೆಯೊಳಗೆ ಒಂದು ಬೆಳಗಿನ ನಡಿಗೆ

ಮಂಡ್ಯದ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತಾ ಹದಿನೆಂಟು ವರ್ಷ ಆಯ್ತು. ಪ್ರತಿ ಡಿಸೆಂಬರಲ್ಲೂ ಮಕ್ಕಳನ್ನ ಬಸ್ಸಲ್ಲಿ ಕೂರಿಸ್ಕೊಂಡು ಶ್ರೀರಂಗಪಟ್ಟಣಕ್ಕೆ ಹೋಗ್ತೀವಿ. ರಂಗನಾಥಸ್ವಾಮಿ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮದಲ್ಲಿ ಬುತ್ತಿ, ವಾಪಸ್ಸು. ಈ ಜಾಗಗಳ ಮಧ್ಯೆ ಏನಿದೆ ಅಂತ ಇಳಿದು ನೋಡಿದ್ದೇ ಇಲ್ಲ. ಕಳೆದ ಭಾನುವಾರ ಮೈಸೂರಿನ ಕೆಲವು ಹುಡುಗರು ನಡೆಸುವ ಕೋಟೆ ನಡಿಗೆಗೆ ಅಮ್ಮನ್ನ ಕರ್ಕೊಂಡು ಹೋದೆ. ತಲೆಗೆ ನಾನೂರು ರೂಪಾಯಿ, ಮೂರು ಗಂಟೆ.

ಬೆಳಿಗ್ಗೆ ಏಳಕ್ಕೆ ರೈಲ್ವೆ ಸ್ಟೇಷನ್ ಹತ್ರ ಶುರು. ಮೊದಲು ಟಿಪ್ಪುವಿನ ಮದ್ದಿನ ಮನೆ. ಜೋಡಿ ಹಳಿಗೆ ಅಡ್ಡ ಬರ್ತಿತ್ತು ಅಂತ 2017ರಲ್ಲಿ ಕಟ್ಟಡವನ್ನ ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದ್ದಾರೆ.

ಆಮೇಲೆ ಕರ್ನಲ್ ಬೇಲಿ ಅನ್ನೋ ಬ್ರಿಟಿಷ್ ಸೇನಾಧಿಕಾರಿಯ ಹೆಸರಿನ ಸೆರೆಮನೆ. ಅಲ್ಲಿ ನಮ್ಮನ್ನ ಕರ್ಕೊಂಡು ಹೋಗ್ತಿದ್ದ ಹುಡುಗ ಅವಸರ ಮಾಡ್ಲಿಲ್ಲ, ಅದಕ್ಕೇ ನನಗೆ ಈ ನಡಿಗೆ ಹಿಡಿಸಿದ್ದು. ಮೆಟ್ಟಿಲಿಳಿದರೆ ಸುಣ್ಣ ಬಳಿದ ಕಮಾನುಗಳು. ಗೋಡೆಯಿಂದ ಕಲ್ಲಿನ ಹಲಗೆಗಳು ಚಾಚಿಕೊಂಡಿವೆ, ಒಂದೊಂದರಲ್ಲೂ ಸರಪಳಿ ತೂರಿಸೋಕೆ ತೂತು. ಅಮ್ಮ ತೂತಿನೊಳಗೆ ಬೆರಳಿಟ್ಟು ನೋಡಿ, "ಹೊಳೆ ಇಷ್ಟು ಹತ್ರ ಇದ್ದೂ ಕೈ ಆಡ್ಸೋಕಾಗಲ್ವಲ್ಲ ಮಗ" ಅಂದ್ರು. ಬೇಲಿ 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರು ಸೈನ್ಯಕ್ಕೆ ಸೆರೆ ಸಿಕ್ಕವನು, 1782ರಲ್ಲಿ ಸೆರೆಯಲ್ಲೇ ಸತ್ತ. ಆಮೇಲೆ ಟಿಪ್ಪುವಿನ ದೇಹ ಸಿಕ್ಕ ಜಾಗ, ಮಸೀದಿಯ ಜೋಡಿ ಮಿನಾರು ನೋಡ್ಕೊಂಡು ದರಿಯಾ ದೌಲತ್‌ಗೆ ಬಂದ್ವಿ. ಅಲ್ಲಿನ ಪಶ್ಚಿಮದ ಗೋಡೆಯಲ್ಲಿ ಅದೇ ಪೊಳ್ಳಿಲೂರು ಯುದ್ಧದ ಚಿತ್ರ. ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಬೇಲಿಯನ್ನ ಹುಡುಗ ತೋರಿಸಿದ. ಅಷ್ಟು ವರ್ಷ ಮಕ್ಕಳಿಗೆ ಅದೇ ಗೋಡೆ ತೋರಿಸಿ "ಯುದ್ಧದ ಚಿತ್ರ" ಅಂತಷ್ಟೇ ಹೇಳಿದ್ದೀನಿ. ಸೆರೆಮನೆಯಿಂದ ಆ ಚಿತ್ರದವರೆಗೆ ಕಾಲ್ನಡಿಗೆಯಲ್ಲಿ ಬಂದಿದ್ದರಿಂದ ಬೇಲಿ ನಮಗೆ ಪರಿಚಯದವನಾಗಿದ್ದ.

ಬೇಸರವಾದ ಸಂಗತಿಗಳೂ ಇವೆ. ಮೊದಲ ಅರ್ಧ ಗಂಟೆ ಬರೀ ಇಂಗ್ಲಿಷು. ಹನ್ನೆರಡು ಜನರಲ್ಲಿ ಒಂಬತ್ತು ಜನ ಕನ್ನಡದವರೇ ಇದ್ವಿ. ಕೇಳಿದ ಮೇಲೆ, "ಸರಿ ಮೇಡಂ" ಅಂತ ಕನ್ನಡಕ್ಕೆ ಬಂದ, ಆಗ ಅವನ ಮಾತಿಗೂ ಜೀವ ಬಂತು. ವಯಸ್ಸಾದವರಿಗೆ ಶೌಚಾಲಯ ಎಲ್ಲಿದೆ ಅಂತ ಮೊದಲೇ ಹೇಳಬೇಕಿತ್ತು, ಅಮ್ಮ ಬಹಳ ಕಷ್ಟಪಟ್ರು. ಹಳೇ ವೆಲ್ಲೆಸ್ಲಿ ಸೇತುವೆಯನ್ನ ಬಿಟ್ಟಿದ್ದಂತೂ ದೊಡ್ಡ ನಷ್ಟ.

ನಡಿಗೆ ಮುಗಿದ ಮೇಲೆ ಆಟೋ ಹಿಡಿದು ನಾವೇ ಅಲ್ಲಿಗೆ ಹೋದ್ವಿ. ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ್ದು. ಕಾವೇರಿಯ ಉತ್ತರದ ಕವಲಲ್ಲಿ ಒರಟು ಕಲ್ಲುಕಂಬಗಳು ಸಾಲಾಗಿ ನಿಂತಿವೆ, ಬುಡದಲ್ಲಿ ನೀರು ಸುತ್ತಿ ಸುತ್ತಿ ಹೋಗ್ತಿತ್ತು. ಅಮ್ಮ ಅರ್ಧ ಗಂಟೆ ಅಲ್ಲಿಂದ ಏಳಲೇ ಇಲ್ಲ.

ಚಪ್ಪಲಿ ಬೇಡ, ಶೂ ಹಾಕ್ಕೊಂಡು ಹೋಗಿ. ನೀರಿನ ಬಾಟಲಿ ಇರಲಿ. ಈ ಡಿಸೆಂಬರಲ್ಲಿ ನಮ್ಮ ಎಂಟನೇ ಕ್ಲಾಸಿನವರ ಬಸ್ಸನ್ನ ಸ್ಟೇಷನ್ ಹತ್ರವೇ ನಿಲ್ಲಿಸ್ತೀನಿ.