ಅಳಿಸಿದ ಗೆರೆ ಎಲ್ಲಿ ಹೋಯಿತು? ತೋಟದ ಜ್ಞಾನಜಾಲದ ಜೊತೆ ಏಳು ವರ್ಷ

ಟಿಪ್ಪಣಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ, ಟಿಪ್ಪಣಿಯನ್ನು ಚುಕ್ಕಿಯಾಗಿ, ಕೊಂಡಿಯನ್ನು ಗೆರೆಯಾಗಿ ಇಡೀ ಜಾಲವನ್ನು ತೋರಿಸುವ ತಂತ್ರಾಂಶವೊಂದನ್ನು 2018ರ ಜನವರಿಯಿಂದ ಬಳಸುತ್ತಿದ್ದೇನೆ. ಹೆಸರು ಬರೆಯುತ್ತಿಲ್ಲ. ಗೆರೆಗೆ ತಾರೀಖು ಹಾಕಲು ಜಾಗವಿಲ್ಲ ಎಂಬ ನನ್ನ ದೂರು ಅದೊಂದರ ಮೇಲಲ್ಲ, ಈ ಬಗೆಯ ಇನ್ನೂ ಕೆಲವನ್ನು ನೋಡಿದ್ದೇನೆ, ಅವೂ ಹೀಗೇ. ಸೌಲಭ್ಯಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ.

ನಮ್ಮದು ಕೊಡಗಿನ ಮಾದಾಪುರದ ಕಡೆ ಹನ್ನೆರಡು ಎಕರೆ ಅರೇಬಿಕಾ ಕಾಫಿ, ಕೆಳಗೆ ಸ್ವಲ್ಪ ಗದ್ದೆ. ಬೆಳಿಗ್ಗೆ ಏಳಕ್ಕೆ ಮಳೆಮಾಪಕ ನೋಡಿ, ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಬರೆದುಕೊಂಡು, ಬೆಲ್ಲದ ಕಾಫಿ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಹತ್ತೇ ನಿಮಿಷ. ಯಾವ ಮೆಣಸಿನ ಬಳ್ಳಿ ಯಾವ ಮರದ ಮೇಲೆ, ಯಾವ ಪೈಪು ಯಾವ ಟ್ಯಾಂಕಿನಿಂದ, ಯಾವ ಬ್ಲಾಕಿಗೆ ಯಾವ ನೆರಳು, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಲ್ಲಿ ಬಿತ್ತು, ಎಲ್ಲಿ ತಪ್ಪಿತು. ಲೋಟ ಖಾಲಿಯಾಗುವಷ್ಟರಲ್ಲಿ ಹಿಂದಿನ ದಿನದ ಗೆರೆಗಳು ಸೇರಿರುತ್ತವೆ. ಎಲ್ಲವೂ ಸಾದಾ ಪಠ್ಯದ ಕಡತಗಳಾದ್ದರಿಂದ ಜುಲೈ ತಿಂಗಳಲ್ಲಿ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲದು. ಈ ಹತ್ತು ನಿಮಿಷ ನನಗೆ ಬಹಳ ಇಷ್ಟ.

ಸಿಟ್ಟು ಬಂದದ್ದು 2018ರ ಆಗಸ್ಟ್ ನಂತರ. ಆ ಮಳೆಗೆ ನಮ್ಮ ಮೇಲಿನ ಬರೆ (ಗುಡ್ಡದ ಇಳಿಜಾರು) ಕುಸಿದು ತೋಡು (ಸಣ್ಣ ಹಳ್ಳ) ದಿಕ್ಕನ್ನೇ ಬದಲಿಸಿತು. ‘ತೋಡು’ ಮತ್ತು ‘ಕೆಳಗದ್ದೆ’ ನಡುವಿನ ಗೆರೆ ಇನ್ನು ನಿಜವಲ್ಲ ಎಂದು ಅಳಿಸಿದೆ. ಗೆರೆಯ ಜೊತೆ ಬರೆದಿಟ್ಟಿದ್ದ ವಿವರವೂ ಹೋಯಿತು: ನೀರು ಎಲ್ಲಿ ತಿರುಗುತ್ತಿತ್ತು, ಕಟ್ಟೆ ಎಷ್ಟು ಅಗಲ. ಮುಂದಿನ ವರ್ಷ ಗದ್ದೆ ಸರಿಮಾಡಲು ಹೊರಟಾಗ ಅಣ್ಣ ಕೇಳಿದ, “ಹಳೇ ಕಟ್ಟೆ ಯಾವ ಕಲ್ಲಿನ ಹತ್ತಿರ ಇತ್ತು ಮಾರಾಯ, ನೀನೇ ಬರೆದಿದ್ದೆಯಲ್ಲ?” ತಂತ್ರಾಂಶದಲ್ಲಿ ಆ ತೋಡು ಗದ್ದೆಗೆ ಎಂದೂ ನೀರು ಕೊಟ್ಟೇ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಅಪ್ಪನ 1991ರ ಡೈರಿಯಲ್ಲಿ. ಅಪ್ಪ ಅಲ್ಲಿ ಇನ್ನೂ ಹಿಂದಿನ ಕಟ್ಟೆಯ ಮೇಲೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ಹೊಸದನ್ನು ತಾರೀಖಿನೊಂದಿಗೆ ಬರೆದಿದ್ದರು. ಗೀಟಿನ ಕೆಳಗಿನ ಅಕ್ಷರ ಈಗಲೂ ಓದಬಹುದು.

ಇದರಲ್ಲಿ ‘ಕಾಲಕ್ರಮ’ ಎಂಬ ಗುಂಡಿ ಇದೆ. ಒತ್ತಿದರೆ ಚುಕ್ಕಿಗಳು ಒಂದೊಂದಾಗಿ ಮೂಡುತ್ತವೆ, ನೋಡಲು ಚಂದ. ಆದರೆ ಅದು ಹಿಡಿಯುವುದು ಕಡತ ಹುಟ್ಟಿದ ದಿನವನ್ನು. ಅಪ್ಪ ನೆಟ್ಟ ನೆರಳುಮರ ಹಾಲುವಾಣವೂ ಹೋದ ವರ್ಷ ತೋಡಿದ ಇಂಗುಗುಂಡಿಯೂ ನಾನು ಟೈಪ್ ಮಾಡಿದ ದಿನ ಹುಟ್ಟಿದಂತೆ ಕಾಣುತ್ತವೆ. ತೋಟದವನಿಗೆ ಇದರಿಂದ ಏನೂ ಉಪಯೋಗವಿಲ್ಲ.

ದಾರಿ ಕಂಡದ್ದು ವಿಕಿಪೀಡಿಯದ ಸೋದರ ಯೋಜನೆಯಾದ, ಯಾರು ಬೇಕಾದರೂ ತಿದ್ದಬಹುದಾದ ಮಾಹಿತಿಕೋಶ ವಿಕಿಡೇಟಾದಲ್ಲಿ. ಅಲ್ಲಿ ಒಂದು ಹೇಳಿಕೆಗೆ ಆರಂಭದ ದಿನ (ಪಿ580), ಮುಕ್ತಾಯದ ದಿನ (ಪಿ582) ಎಂದು ಎರಡು ದಿನಾಂಕ ಅಂಟಿಸಬಹುದು. ಕೊಡಗನ್ನೇ ನೋಡಿ. 1956ರ ಅಕ್ಟೋಬರ್ 31ರವರೆಗೆ ತಾನೇ ಒಂದು ರಾಜ್ಯ, ಮರುದಿನದಿಂದ ಮೈಸೂರು ರಾಜ್ಯದ ಜಿಲ್ಲೆ, 1973ರ ನವೆಂಬರ್ 1ರಿಂದ ಆ ರಾಜ್ಯದ ಹೆಸರೇ ಕರ್ನಾಟಕ. ಒಂದು ಬಂತೆಂದು ಇನ್ನೊಂದನ್ನು ಅಳಿಸಬೇಕಿಲ್ಲ, ಅದದರ ಅವಧಿಯಲ್ಲಿ ಅದದು ನಿಜ.

ನನ್ನ ತಂತ್ರಾಂಶದಲ್ಲಿ ಗೆರೆಗೆ ದಿನಾಂಕ ಹಾಕಲು ಜಾಗವಿಲ್ಲ. ಹಾಗಾಗಿ ಗೆರೆಯನ್ನೇ ಒಂದು ಟಿಪ್ಪಣಿ ಮಾಡಿದೆ. ‘ಹಾಲುವಾಣ’ ಮತ್ತು ‘ನಾಲ್ಕನೇ ಬ್ಲಾಕ್’ ನಡುವೆ ‘ನೆರಳು’ ಎಂಬ ಸಣ್ಣ ಕಡತ, ಅದರೊಳಗೆ ಮೂರು ಸಾಲು: ಯಾವಾಗಿನಿಂದ, ಯಾವಾಗಿನವರೆಗೆ, ನನಗೆ ಗೊತ್ತಾದದ್ದು ಯಾವಾಗ. ಸುಮಾರು ಒಂಬೈನೂರು ಗೆರೆಗಳಿಗೆ ಹೀಗೆ ಮಾಡಲು ಎರಡು ಮಳೆಗಾಲ ಬೇಕಾಯಿತು. ಚಿತ್ರ ಈಗ ಗಿಜಿಗಿಜಿ, ಹಳೇ ಲ್ಯಾಪ್‌ಟಾಪಿನಲ್ಲಿ ತೆರೆಯಲು ಒಂದು ನಿಮಿಷ ಬೇಕು.

ಆದರೆ ಆ ಮೂರನೇ ಸಾಲು! ಡೇಟಾಬೇಸ್ ಬಲ್ಲವರಿಗೆ ಇದು ಹೊಸತಲ್ಲ, ಡೇಟಾಬೇಸ್ ಭಾಷೆಯ 2011ರ ಎಸ್‌ಕ್ಯೂಎಲ್ ಮಾನದಂಡದಲ್ಲೇ ಸಂಗತಿ ನಿಜವಾಗಿದ್ದ ಅವಧಿ ಬೇರೆ, ದಾಖಲೆಯಲ್ಲಿದ್ದ ಅವಧಿ ಬೇರೆ. ನನಗೆ ಅದನ್ನು ಕಲಿಸಿದ್ದು ಬಿಳಿ ಕಾಂಡಕೊರಕ ಎಂಬ ಕಾಫಿ ಕೀಟ. ಜೀರುಂಡೆ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ತೊಗಟೆಯ ಬಿರುಕಿನಲ್ಲಿ ಇಟ್ಟ ಮೊಟ್ಟೆಯಿಂದ ಹೊರಬಂದ ಹುಳು ತಿಂಗಳುಗಟ್ಟಲೆ ಕಾಂಡದೊಳಗೇ ಇರುತ್ತದೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬು ಕಂಡ ದಿನವನ್ನೇ ನಾನು ರೋಗದ ಆರಂಭ ಎಂದು ಬರೆಯುತ್ತಿದ್ದೆ. ತಾರೀಖುಗಳನ್ನು ಬಿಡಿಸಿ ಹಿಂದಿನ ಹಾರಾಟಕ್ಕೆ ಸರಿಸಿದಾಗ ನಾಲ್ಕನೇ ಬ್ಲಾಕಿನಲ್ಲಿ ಎರಡು ಗೆರೆಗಳು ಅಕ್ಕಪಕ್ಕ ಬಂದವು: ಹಾಲುವಾಣಗಳು ಬಿದ್ದು ನೆರಳು ಮುಗಿದದ್ದು, ಅದರ ಬೆನ್ನಿಗೇ ಕೊರಕ ಶುರುವಾದದ್ದು. ಬಿಸಿಲು ಬೀಳುವ ಗಿಡಕ್ಕೇ ಕೊರಕ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ, ನಾನೂ ತಲೆಯಾಡಿಸಿದ್ದೆ. ನನ್ನದೇ ಬ್ಲಾಕಿನಲ್ಲಿ, ನನ್ನದೇ ತಾರೀಖಿನಲ್ಲಿ ಕಂಡಾಗ ಕಾಫಿ ಆರಿಹೋಗಿದ್ದೂ ತಿಳಿಯಲಿಲ್ಲ. ಆರನೇ ಬ್ಲಾಕಿಗೆ ನೆರಳಾದ ಸಿಲ್ವರ್ ಓಕ್ ಕಡಿದು ಮಾರುವುದೆಂದು ಮಾತಾಗಿತ್ತು. ಆ ಮಾತು ನಿಲ್ಲಿಸಿದೆ.

ದುಡ್ಡಿನ ವಿಷಯ: ತಂತ್ರಾಂಶ ಉಚಿತ, ಹಲವು ಸಾಧನಗಳಿಗೆ ಹೊಂದಿಸುವ ಸೇವೆಗೆ ಮಾತ್ರ ತಿಂಗಳ ಶುಲ್ಕ. ನಾನು ಕಟ್ಟುವುದಿಲ್ಲ, ಭಾನುವಾರ ಪೆನ್‌ಡ್ರೈವ್‌ಗೆ ನಕಲು ಮಾಡುತ್ತೇನೆ. ಓದಿನ ಟಿಪ್ಪಣಿಗೆ ಬೇಕೆನ್ನುವವರು ಯೋಚಿಸದೆ ತೆಗೆದುಕೊಳ್ಳಿ. ತೋಟ, ಮನೆತನ, ಜಮೀನಿನಂಥ ಬದಲಾಗುತ್ತಲೇ ಇರುವ ಸಂಗತಿ ಹಿಡಿದಿಡುವವರು ಮೊದಲ ದಿನದಿಂದಲೇ ಆ ಮೂರು ಸಾಲು ಬರೆಯಿರಿ, ನನ್ನ ಹಾಗೆ ಎರಡು ಮಳೆಗಾಲ ಕಳೆಯಬೇಡಿ. ಗೆರೆಗೇ ತಾರೀಖು ಕೊಡುವ ತಂತ್ರಾಂಶ ನಮ್ಮಂಥವರ ಕೈಗೆಟುಕುವ ಬೆಲೆಗೆ ಬಂದರೆ ಅಂದೇ ಬದಲಾಯಿಸುತ್ತೇನೆ.

ತೋಡಿನ ಗೆರೆಯನ್ನು ಅಪ್ಪನ ಡೈರಿ ನೋಡಿ ಮತ್ತೆ ಹಾಕಿದ್ದೇನೆ. ಆರಂಭ 1991, ಮುಕ್ತಾಯ ಆಗಸ್ಟ್ 2018.