ಕುದುರೆ ಸಾಕಿರೋರು ಎಪಿಎಂಸಿ ಕಡೆ ಇರೋ ಈ ಮೇವಿನ ಅಂಗಡಿಗೆ ಹೋಗ್ರಿ

ದಾವಣಗೆರೆ ಎಪಿಎಂಸಿ ಹತ್ರ ಇರೋ ಈ ಅಂಗಡೀಲಿ ಒಂದು ವರ್ಷದಿಂದ ಮೇವು ತಗೋತಾ ಇದೀನಿ. ನಮ್ದು ಮದುವೆ ಮೆರವಣಿಗೆಗೆ ಹೋಗೋ ಹೆಣ್ಣು ಕುದುರೆ, ಚಂದ್ರಿ ಅಂತ, ಸುಮಾರು 350 ಕೆಜಿ ತೂಗ್ತಾಳೆ. ದನದ ಮೇವಿನ ಅಂಗಡಿ ಊರ್ ತುಂಬ ಅದಾವೆ, ಆದ್ರೆ ಕುದುರೆ ಹೊಟ್ಟೆನೇ ಬೇರೆ ಅಂತ ತಿಳ್ಕೊಂಡು ಮೇವು ಕೊಡೋರು ನಂಗೆ ಸಿಕ್ಕಿದ್ದು ಇವರೊಬ್ರೇ.

ಮೊದಲು ಬೇರೆ ಕಡೆ ತರ್ತಿದ್ದೆ. ಹೋದ ಮಳೆಗಾಲದಲ್ಲಿ ಅಲ್ಲಿಂದ ತಂದ ಮೆಕ್ಕೆಜೋಳದ ನುಚ್ಚು ಚೀಲದ ತಳದಲ್ಲಿ ಬೂಷ್ಟು ಹಿಡಿದಿತ್ತು, ಮೇಲೆ ಚೆನ್ನಾಗೇ ಕಾಣ್ತಿತ್ತು. ಅವತ್ ರಾತ್ರಿ ಚಂದ್ರಿ ಮುಂಗಾಲಲ್ಲಿ ನೆಲ ಕೆರೆಯೋದು, ತಿರುಗಿ ತಿರುಗಿ ಹೊಟ್ಟೆ ನೋಡ್ಕೊಳ್ಳೋದು, ಮಲ್ಕೊಂಡು ಹೊರಳಾಡೋದು, ಪಕ್ಕೆಗೆ ಕಿವಿ ಇಟ್ರೆ ಯಾವಾಗ್ಲೂ ಗುಳುಗುಳು ಅನ್ನೋ ಹೊಟ್ಟೇಲಿ ಸದ್ದೇ ಇಲ್ಲ. ಕುದುರೆಗೆ ವಾಂತಿ ಮಾಡಕ್ಕೆ ಬರಲ್ಲ, ಕೆಟ್ಟದ್ದು ತಿಂದ್ರೂ ಅದು ಹಿಂದಿನಿಂದ್ಲೇ ಹೋಗ್ಬೇಕು. ಡಾಕ್ಟ್ರು ಬಂದು ಇಂಜೆಕ್ಷನ್ ಕೊಟ್ರು, ಮೂಗಿಂದ ಪೈಪ್ ಇಳಿಸಿದ್ರು. ಬೆಳಗಿನ ಜಾವ 4 ಗಂಟೆಗೆ ಅವಳು ಲದ್ದಿ ಹಾಕಿದಾಗ ನಮ್ಮಮ್ಮ ಲಾಯದಲ್ಲೇ ಕೂತು ಅತ್ತುಬಿಟ್ರು.

ಅದಾದ್ ಮೇಲೆ ಈ ಅಂಗಡಿಗೆ ಹೋಗಿ ಎರಡು ಚೀಲ ಗೋಧಿ ಬೂಸಾ, ಒಂದು ಚೀಲ ಹುರುಳಿ ಕೊಡಿ ಅಂದೆ. ಯಜಮಾನ್ರು ತೂಕದ ಕಡೆ ಕೈನೇ ಹಾಕ್ಲಿಲ್ಲ, "ಹುಲ್ಲು ಎಷ್ಟು ಹಾಕ್ತೀಯಪ್ಪ ದಿನಕ್ಕೆ?" ಅಂತ ಕೇಳಿದ್ರು. ನಾನು ಹೇಳಿದ್ದು ಕೇಳಿ ತಲೆ ಅಲ್ಲಾಡಿಸಿ, ಇಷ್ಟು ತೂಕದ ಕುದುರೆಗೆ ಒಣಹುಲ್ಲೇ ದಿನಕ್ಕೆ 6-7 ಕೆಜಿ ಬೇಕು, ಅದರ ಜಠರ ಸಣ್ಣದು, ಆಸಿಡ್ ಹಗಲು ರಾತ್ರಿ ಸುರೀತಾನೇ ಇರ್ತದೆ, ಬಾಯಾಡಿಸ್ತಾ ಇದ್ರೆ ಜೊಲ್ಲು ಅದನ್ನ ತಣ್ಣಗಿಡ್ತದೆ, ಕಾಳು ಒಂದೇ ಸಲ ರಾಶಿ ಹಾಕಿದ್ರೆ ಅರಗದೇ ಹಿಂದಿನ ಕರುಳಿಗೆ ಹೋಗಿ ಹುಳಿತದೆ, ಹೊಟ್ಟೆನೋವು ಬರ್ತದೆ, ಕಾಲಿನ ಗೊರಸಿಗೂ ಬಾವು ಬರಬಹುದು ಅಂದ್ರು. ಎರಡರ ಬದಲು ಒಂದೇ ಚೀಲ ಬೂಸಾ ಕೊಟ್ರು! ವ್ಯಾಪಾರ ಕಮ್ಮಿ ಆದ್ರೂ ಹೀಗೆ ಹೇಳೋರು ಎಷ್ಟ್ ಜನ ಸಿಗ್ತಾರೆ ಹೇಳಿ.

ಇನ್ನೊಂದು, ಚೀಲದ ಹೊಲಿಗೆ ಬಿಚ್ಚಿ ತಳದ ತನಕ ತೋಳು ಇಳಿಸಿ ಒಂದು ಹಿಡಿ ತೆಗೆದು ನಮ್ಮ ಅಂಗೈಗೆ ಹಾಕ್ತಾರೆ, "ಮೂಸಿ ನೋಡು" ಅಂತಾರೆ. ಹೊಸ ಮೇವು ಶುರು ಮಾಡೋದಿದ್ರೆ ಹಳೇದ್ರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಹತ್ತು ದಿನದಲ್ಲಿ ಬದಲಾಯಿಸು ಅಂತ ಪ್ರತಿ ಸಲ ನೆನಪಿಸ್ತಾರೆ. ಒಂದ್ಸಲ ಸ್ಟಾಕ್ ಇರ್ಲಿಲ್ಲ, ದನದ ಫೀಡ್ ಕೊಡಿ ಅಂದ್ರೆ ಕೊಡಲೇ ಇಲ್ಲ, ಕೆಲವು ದನದ ಮತ್ತೆ ಕೋಳಿ ಫೀಡಲ್ಲಿ ಮೊನೆನ್ಸಿನ್ ಅಂತ ಔಷಧಿ ಇರ್ತದೆ, ಅದು ಕುದುರೆ ಹಾರ್ಟಿಗೇ ಹೊಡೀತದೆ ಅಂದ್ರು. ಈ ಮಾತು ನಮ್ಮ ಡಾಕ್ಟ್ರೂ ಹೌದು ಅಂದ್ರು.

ರೇಟು ಬೇರೆ ಕಡೆಗಿಂತ ಚೀಲಕ್ಕೆ 30 ರೂಪಾಯಿ ಜಾಸ್ತಿ, ನಂಗೇನೂ ಬೇಜಾರಿಲ್ಲ. ಒಣಹುಲ್ಲಿನ ಬಣವೆ ಮೇಲಿನ ತಾಡಪಾಲು ಮಾತ್ರ ಹರಿದೈತೆ, ಜೋರು ಮಳೆ ಬಂದ್ರೆ ಮೂಲೆ ನೆನೀತದೆ, ಎರಡು ಸಲ ಹೇಳಿದೀನಿ, ದಯವಿಟ್ಟು ಬದಲಾಯಿಸ್ರಿ. ಹಸಿ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನೋ ಹಸಿರು ಮೇವು) ಬೇಕಿದ್ದೋರು ಬೆಳಿಗ್ಗೆ 7ರೊಳಗೆ ಹೋಗ್ರಿ, 8 ಆದ್ರೆ ಒಂದು ಕಟ್ಟೂ ಸಿಗಲ್ಲ.